ಎಂಜಿನ್ನೇನೋ ಸರಿ, ಹಿಂದಿನ ವ್ಯಾಗನ್‌ಗಳ ಕಥೆ ಏನು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಮಾದರಿ ರೈಲುಗಳ ಲೇಖನ ಓದಿದೆ. ಖುಷಿಯಾಯಿತು. ಈ ಹವ್ಯಾಸಕ್ಕೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಸಿಗುವುದೇ ಅಪರೂಪ, ಅದೂ ಬಣ್ಣದ ಚಿತ್ರದ ಸಮೇತ. ಆದರೆ ಚಿತ್ರದ ಕೆಳಗಿನ ಒಂದು ಸಾಲು ಅವತ್ತಿಂದ ಕಿರಿಕಿರಿ ಮಾಡುತ್ತಿದೆ. 1953ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಶರ್ಮನ್ ಹಿಲ್ ಏರು ಹತ್ತುತ್ತಿದ್ದ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿಯ ಗೂಡ್ಸ್ ರೈಲಿನ ತದ್ರೂಪು, ಒಂಚೂರೂ ವ್ಯತ್ಯಾಸ ಇಲ್ಲ ಅಂತ ಬರೆದಿದ್ದೀರಿ. ವ್ಯತ್ಯಾಸ ಇದೆ. ಒಂದಲ್ಲ, ಹಲವು.

ಎಂಜಿನ್ ಬಗ್ಗೆ ನನ್ನ ತಕರಾರಿಲ್ಲ. ಅದು ಬಿಗ್ ಬಾಯ್, ಆ ಕಂಪನಿಯ ದೈತ್ಯ ಉಗಿ ಎಂಜಿನ್. 1941ರಲ್ಲಿ 20, 1944ರಲ್ಲಿ 5, ಒಟ್ಟು 25 ಮಾತ್ರ ಕಟ್ಟಿದ್ದು. ಅದರ ಬಗ್ಗೆ ಪುಸ್ತಕ, ಚಿತ್ರ, ನಕ್ಷೆ ಯಾವುದಕ್ಕೂ ಬರ ಇಲ್ಲ, ಹಾಗಾಗಿ ತಪ್ಪು ಮಾಡುವುದೇ ಕಷ್ಟ. ತೊಂದರೆ ಇರುವುದು ಅದರ ಹಿಂದೆ. ಎರಡನೇ ಬಾಕ್ಸ್‌ಕಾರಿನ, ಅಂದರೆ ಮಾಡು, ಬಾಗಿಲು ಇರುವ ಮುಚ್ಚಿದ ಗೂಡ್ಸ್ ವ್ಯಾಗನ್ನಿನ ಪಕ್ಕದಲ್ಲಿ, ಕೆಳಭಾಗದಲ್ಲಿ, ಬಣ್ಣಬಣ್ಣದ ಅಡ್ಡ ಪಟ್ಟಿಗಳಿರುವ ಒಂದು ಪುಟ್ಟ ಫಲಕ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ, ಅನುಮಾನವೇ ಇಲ್ಲ. ಹಳಿಯ ಪಕ್ಕ ನಿಲ್ಲಿಸಿದ ಯಂತ್ರ ಆ ಪಟ್ಟಿಗಳನ್ನು ಓದಿ ಯಾವ ಕಂಪನಿಯ ಎಷ್ಟನೇ ನಂಬರಿನ ವ್ಯಾಗನ್ ಹೋಯಿತು ಅಂತ ತಾನೇ ಗುರುತು ಹಿಡಿಯಲಿ ಅಂತ ಮಾಡಿದ ಏರ್ಪಾಡು ಅದು. ಅಮೆರಿಕದ ರೈಲ್ವೆಗಳು ಅದನ್ನು ಒಪ್ಪಿಕೊಂಡಿದ್ದು 1967ರಲ್ಲಿ. ಫಲಕದ ಮೇಲೆ ಕೊಳೆ ಕೂತರೆ ಯಂತ್ರಕ್ಕೆ ಓದಲು ಆಗುತ್ತಿರಲಿಲ್ಲ, ಗೂಡ್ಸ್ ವ್ಯಾಗನ್ ಮೇಲೆ ಕೊಳೆ ಕೂರದೆ ಇರುತ್ತದಾ? 1970ರ ದಶಕ ಮುಗಿಯುವ ಮೊದಲೇ ಕೈಬಿಟ್ಟರು. ಇರಲಿ, 1953ರ ರೈಲಿನಲ್ಲಿ ಅದಕ್ಕೇನು ಕೆಲಸ?

ಅದರ ಹಿಂದಿನ ಬಾಕ್ಸ್‌ಕಾರ್ ನೋಡಿ. ಅದರ ಮೇಲ್ಛಾವಣಿ ಬೋಳು. ಆ ಕಾಲದ ಬಾಕ್ಸ್‌ಕಾರಿಗೆ ಮಾಡಿನ ನಡುವೆ ಈ ತುದಿಯಿಂದ ಆ ತುದಿಯವರೆಗೆ ನಡೆದಾಡುವ ಹಲಗೆ ಇರಲೇಬೇಕಿತ್ತು, ಮೇಲೆ ಹತ್ತಲು ಎತ್ತರದ ಏಣಿ ಬೇಕಿತ್ತು. ಹೊಸ ಬಾಕ್ಸ್‌ಕಾರ್‌ಗಳನ್ನು ಆ ಹಲಗೆ ಇಲ್ಲದೆ ಕಟ್ಟಲು ಶುರು ಮಾಡಿದ್ದು 1966ರಿಂದ. ಹಳೆಯವುಗಳ ಹಲಗೆ ಕಿತ್ತು ಏಣಿ ಗಿಡ್ಡ ಮಾಡಿದ್ದು ಅದಕ್ಕೂ ಆಮೇಲೆ, ನಿಧಾನವಾಗಿ, ವರ್ಷಗಟ್ಟಲೆ. ಇನ್ನೂ ಸ್ವಲ್ಪ ಹಿಂದೆ ಬಿಯರ್ ಕಂಪನಿಯ ದೊಡ್ಡ ಜಾಹೀರಾತು ಬರೆದ ಎರಡು ಐಸ್ ವ್ಯಾಗನ್, ಅಂದರೆ ಐಸ್ ತುಂಬಿ ಸರಕನ್ನು ತಣ್ಣಗಿಡುವ ವ್ಯಾಗನ್. ನೋಡಲು ಚೆಂದ, ನಿಜ. ಆದರೆ ಬಾಡಿಗೆಗೆ ಪಡೆದ ವ್ಯಾಗನ್ ಮೇಲೆ ಪುಕ್ಕಟೆ ಜಾಹೀರಾತು ಬರೆಸಿಕೊಳ್ಳುವುದು ಸರಕು ಕಳಿಸುವವರಿಗೆ ಹಿಂಬಾಗಿಲಿನಿಂದ ಕೊಡುವ ರಿಯಾಯಿತಿ ಆಗುತ್ತದೆ ಅಂತ ಅಲ್ಲಿನ ಅಂತರರಾಜ್ಯ ವಾಣಿಜ್ಯ ಆಯೋಗ 1934ರಲ್ಲೇ ತಡೆ ಹಾಕಿತ್ತು, ಆ ದಶಕ ಮುಗಿಯುವುದರೊಳಗೆ ಅಂಥ ವ್ಯಾಗನ್‌ಗಳು ದೇಶ ಸುತ್ತುವುದು ನಿಂತುಹೋಗಿತ್ತು. ಅಂದರೆ ಒಂದೇ ರೈಲಿನಲ್ಲಿ 1930ರ ಬಣ್ಣ, 1953ರ ಎಂಜಿನ್, 1970ರ ಫಲಕ. ಇಷ್ಟೂ ವರ್ಷಗಳು ಒಟ್ಟಿಗೆ ಗುಡ್ಡ ಹತ್ತುತ್ತಿವೆ.

ನಮ್ಮಂಥವರನ್ನು ರಿವೆಟ್ ಎಣಿಸುವವರು ಅಂತ ಗೇಲಿ ಮಾಡುತ್ತಾರೆ. ಮಾಡಲಿ. ಯಾರಾದರೂ ತಮ್ಮ ಖುಷಿಗೆ ಯಾವ ವ್ಯಾಗನ್ ಬೇಕಾದರೂ ಓಡಿಸಲಿ, ಅದಕ್ಕೆ ಅಡ್ಡಿ ಹೇಳಲು ನಾನ್ಯಾರು. ನನ್ನ ಜಗಳ ತದ್ರೂಪು ಅನ್ನುವ ಮಾತಿನ ಜೊತೆ. ಆ ಮಾತು ಹೇಳಿದ ಮೇಲೆ ಯಾವ ವರ್ಷದ್ದು ಅಂತ ಕೇಳುವ ಹಕ್ಕು ಓದುಗನಿಗೆ ಇರುತ್ತದೆ, ಮತ್ತು ಉತ್ತರ ಎಂಜಿನ್‌ಗೆ ಮಾತ್ರ ಅಲ್ಲ, ಹಿಂದಿನ ಒಂದೊಂದು ವ್ಯಾಗನ್‌ಗೂ ಹೊಂದಬೇಕು. ಗೂಡ್ಸ್ ವ್ಯಾಗನ್ ಅಂದರೆ ಸುಮ್ನೆ ನಾಲ್ಕು ಗೋಡೆಯ ಪೆಟ್ಟಿಗೆ ಅಂದುಕೊಂಡಿರುವುದರಿಂದಲೇ ಈ ಪಾಡು. ನಿಜ ಹೇಳಬೇಕೆಂದರೆ ಎಂಜಿನ್‌ಗಿಂತ ವ್ಯಾಗನ್ ಬಗ್ಗೆ ಹುಡುಕುವುದು ಕಷ್ಟ, ಮತ್ತು ನನ್ನ ಪ್ರಕಾರ ಜಾಸ್ತಿ ರುಚಿ ಇರುವುದೂ ಅಲ್ಲೇ.

ಯಾಕೆ ಕಷ್ಟ ಅಂದರೆ, ಸಂಖ್ಯೆ. 1950ರ ಆಸುಪಾಸಿನಲ್ಲಿ ಅಮೆರಿಕದ ದೊಡ್ಡ ರೈಲ್ವೆ ಕಂಪನಿಗಳ ಹತ್ತಿರ ಸುಮಾರು 17 ಲಕ್ಷ ಗೂಡ್ಸ್ ವ್ಯಾಗನ್ ಇದ್ದವು. ಹತ್ತಾರು ಕಂಪನಿ, ಸಾವಿರಾರು ನಂಬರ್ ಸರಣಿ. ಎಂಜಿನ್ ತನ್ನ ಕಂಪನಿಯ ಹಳಿ ಬಿಟ್ಟು ಹೋಗುವುದು ಕಡಿಮೆ. ಬಾಕ್ಸ್‌ಕಾರ್ ಹಾಗಲ್ಲ. ಪೆನ್ಸಿಲ್ವೇನಿಯಾದಲ್ಲಿ ಸರಕು ತುಂಬಿಸಿಕೊಂಡು ಕ್ಯಾಲಿಫೋರ್ನಿಯಾಗೆ ಹೋಗುತ್ತದೆ, ಅಲ್ಲಿ ಖಾಲಿಯಾದರೆ ಅಲ್ಲಿನವರು ಇನ್ನೇನೋ ತುಂಬಿ ಟೆಕ್ಸಸ್‌ಗೆ ಕಳಿಸುತ್ತಾರೆ, ಬೇರೆಯವರ ಹಳಿಯ ಮೇಲೆ ಇದ್ದಷ್ಟು ದಿನ ಆ ಕಂಪನಿ ಒಡೆಯರಿಗೆ ದಿನಬಾಡಿಗೆ ಕೊಡುತ್ತದೆ. ಹೀಗೆ ಊರೂರು ತಿರುಗುತ್ತಾ ವರ್ಷಗಟ್ಟಲೆ ಸ್ವಂತ ಹಳಿ ಕಾಣದ ವ್ಯಾಗನ್‌ಗಳೂ ಇದ್ದವು.

ನಿಮ್ಮ ಚಿತ್ರದ ರೈಲಿನಲ್ಲಿ ಬಹುಪಾಲು ಬಾಕ್ಸ್‌ಕಾರ್‌ಗಳ ಮೇಲೆ ಯೂನಿಯನ್ ಪೆಸಿಫಿಕ್ ಹೆಸರೇ ಇದೆ. ಎಂಜಿನ್ ಅವರದ್ದು ಅಂದಮೇಲೆ ವ್ಯಾಗನ್ನೂ ಅವರದ್ದೇ ಅಂತ ಅಂದುಕೊಳ್ಳುವುದು ಸಹಜ. ಆದರೆ ಆ ಕಾಲದ ಗಾರ್ಡ್‌ಗಳು ತಮ್ಮ ರೈಲಿನ ಒಂದೊಂದು ವ್ಯಾಗನ್ ನಂಬರನ್ನೂ ಬರೆದಿಟ್ಟ ಪುಸ್ತಕಗಳು ಅಲ್ಲಲ್ಲಿ ಉಳಿದಿವೆ. ಅವನ್ನು ಕೂತು ಎಣಿಸಿದವರು ಕಂಡುಕೊಂಡ ಅಂದಾಜು ಹೀಗಿದೆ. ದೇಶದ ಒಟ್ಟು ಬಾಕ್ಸ್‌ಕಾರ್‌ಗಳಲ್ಲಿ ಯಾವ ಕಂಪನಿಯ ಪಾಲು ಎಷ್ಟಿತ್ತೋ, ಹೆಚ್ಚುಕಡಿಮೆ ಅದೇ ಪಾಲಿನಲ್ಲಿ ಅವು ಎಲ್ಲ ಕಡೆ ಕಾಣಿಸುತ್ತಿದ್ದವು. ಹಳಿಯ ಒಡೆಯರದ್ದು ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ಶರ್ಮನ್ ಹಿಲ್ ಮೇಲೆ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೆಂಟ್ರಲ್ ಕಂಪನಿಗಳ ಬಾಕ್ಸ್‌ಕಾರ್‌ಗಳು ಎದ್ದು ಕಾಣುವಷ್ಟು ಇರಬೇಕು, ಏಕೆಂದರೆ ದೇಶದಲ್ಲಿ ಅವರ ಹತ್ತಿರವೇ ತುಂಬಾ ವ್ಯಾಗನ್ ಇದ್ದವು. ಈ ಲೆಕ್ಕ ಬಾಕ್ಸ್‌ಕಾರ್‌ಗೆ ಮಾತ್ರ ನಡೆಯುತ್ತದೆ. ಕಲ್ಲಿದ್ದಲಿನ ಹಾಪರ್, ಅಂದರೆ ಮೇಲೆ ತುಂಬಿಸಿ ತಳದಿಂದ ಸುರಿಯುವ ವ್ಯಾಗನ್, ಗಣಿಗೂ ಬಂದರಿಗೂ ಕಾರ್ಖಾನೆಗೂ ನಡುವೆ ಓಡಾಡಿಕೊಂಡು ತನ್ನ ಪ್ರದೇಶದಲ್ಲೇ ಇರುತ್ತದೆ. ಪೆನ್ಸಿಲ್ವೇನಿಯಾ ಹಾಪರನ್ನು ವಯೋಮಿಂಗ್‌ಗೆ ತಂದು ನಿಲ್ಲಿಸಿದರೆ ಅದು ಇಲ್ಲಿಗೆ ಹೇಗೆ ಬಂತು ಅಂತ ಕಥೆ ಕಟ್ಟಬೇಕಾಗುತ್ತದೆ. ಹಣ್ಣು ತರಕಾರಿಯ ಐಸ್ ವ್ಯಾಗನ್‌ಗಳದ್ದು ಇನ್ನೊಂದು ದಾರಿ. ಶರ್ಮನ್ ಹಿಲ್ ಮೇಲೆ ಪೂರ್ವಕ್ಕೆ ಹೋಗುವ ಹಣ್ಣಿನ ರೈಲು ಅಂದರೆ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್‌ನ ಕಿತ್ತಳೆ ಬಣ್ಣದ ವ್ಯಾಗನ್‌ಗಳ ಉದ್ದ ಸಾಲು. ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ಎರಡೂ ಸೇರಿ ನಡೆಸುತ್ತಿದ್ದ ಕಂಪನಿ ಅದು. ಬಿಯರ್ ಜಾಹೀರಾತಿನ ಜಾಗಕ್ಕೆ ಅವನ್ನೇ ಹಾಕಿದ್ದರೆ ಬಣ್ಣಕ್ಕೂ ಕೊರತೆ ಆಗುತ್ತಿರಲಿಲ್ಲ, ಸತ್ಯಕ್ಕೂ.

ಇನ್ನೊಂದು ವಿಷಯ ಚಿತ್ರ ನೋಡಿದ ಕೂಡಲೇ ಹೊಳೆಯಿತು. ಎಲ್ಲ ಬಾಕ್ಸ್‌ಕಾರ್‌ಗಳ ತಲೆ ಒಂದೇ ಮಟ್ಟಕ್ಕೆ ಇದೆ. ನಿಜವಾದ ರೈಲಿನಲ್ಲಿ ಹಾಗಿರಲು ಸಾಧ್ಯವೇ ಇಲ್ಲ. ಪೆನ್ಸಿಲ್ವೇನಿಯಾ ಕಂಪನಿ 1924ರಿಂದ ಕಟ್ಟಿದ ಎಕ್ಸ್-29 ಬಾಕ್ಸ್‌ಕಾರಿನ ಒಳ ಎತ್ತರ 8 ಅಡಿ 7 ಇಂಚು. ಸಾವಿರಗಟ್ಟಲೆ ಕಟ್ಟಿದರು, 1953ರಲ್ಲೂ ಬೇಕಾದಷ್ಟು ಓಡುತ್ತಿದ್ದವು. ಅಮೆರಿಕದ ರೈಲ್ವೆ ಸಂಘ 1937ರಲ್ಲಿ ಒಪ್ಪಿದ ಮಾದರಿಯ ಒಳ ಎತ್ತರ 10 ಅಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ 10 ಅಡಿ 6 ಇಂಚಿನವು ಬಂದವು. ಎಚ್‌ಓ ಅಳತೆಯಲ್ಲಿ, ಅಂದರೆ 87ಕ್ಕೆ 1ರಂತೆ ಕುಗ್ಗಿಸಿದಾಗ, ಎಕ್ಸ್-29ಕ್ಕೂ 1937ರದ್ದಕ್ಕೂ 5 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಯುದ್ಧದ ನಂತರದ್ದರ ಪಕ್ಕ ನಿಲ್ಲಿಸಿದರೆ ಸುಮಾರು 7 ಮಿಲಿಮೀಟರ್. ಇಡೀ ವ್ಯಾಗನ್ ಉದ್ದವೇ 14 ಸೆಂಟಿಮೀಟರ್ ಇರುವಾಗ ಇದು ಸಣ್ಣದಲ್ಲ. ಗೂಡ್ಸ್ ರೈಲಿನ ಮಾಡಿನ ಸಾಲು ಹಲ್ಲು ಮುರಿದ ಬಾಚಣಿಗೆ ಥರ ಏರುಪೇರಾಗಿ ಇರಬೇಕು. ಅದರ ನಡುವೆ ಅಲ್ಲಲ್ಲಿ ಮರದ ಮೈಯ ಹಳೆ ಬಾಕ್ಸ್‌ಕಾರ್, ಒಳಗೆ ಹಲಗೆ, ಹೊರಗೆ ಉಕ್ಕಿನ ಕಂಬ. ಮೊದಲ ಮಹಾಯುದ್ಧದ ಹೊತ್ತಿಗೆ ಸರ್ಕಾರವೇ ರೈಲ್ವೆಗಳನ್ನು ಕೈಗೆ ತೆಗೆದುಕೊಂಡು ಸುಮಾರು 1 ಲಕ್ಷ ವ್ಯಾಗನ್‌ಗಳನ್ನು ಕೆಲವೇ ನಿಗದಿತ ನಕ್ಷೆಗಳಂತೆ ಮಾಡಿಸಿತ್ತಲ್ಲ, ಆ ಕಾಲದ ಗುರುತು ಅವು. ಮಿಲ್ವಾಕಿ ರೋಡ್‌ನವರ ಬಾಕ್ಸ್‌ಕಾರಿಗೆ ಪಕ್ಕದಲ್ಲಿ ಅಡ್ಡ ಏಣುಗಳು. ಬಾಲ್ಟಿಮೋರ್ ಅಂಡ್ ಓಹಿಯೋದವರ ಒಂದು ಜಾತಿಗೆ ಗೋಡೆಯೇ ಬಾಗಿ ಮಾಡು ಆಗುತ್ತದೆ. ಇಷ್ಟೆಲ್ಲ ವೈವಿಧ್ಯ ಇರುವಾಗ ಒಂದೇ ಅಚ್ಚಿನ ಪೆಟ್ಟಿಗೆಗೆ ಹತ್ತು ಬಣ್ಣ ಬಳಿದು ಓಡಿಸುವುದು ಬೇಜಾರಲ್ವಾ? ಆದರೆ ಮಾರುವವರು ಮಾಡುವುದು ಅದನ್ನೇ. ಅಚ್ಚು ಮಾಡಿಸಲು ದುಡ್ಡು ಜಾಸ್ತಿ, ಬಣ್ಣಕ್ಕೆ ಕಡಿಮೆ. ಡಬ್ಬದ ಮೇಲೆ ಬರೆದ ಕಂಪನಿಯ ಹೆಸರು ಸಾಕ್ಷಿ ಅಲ್ಲ ಅನ್ನುವುದು ಈ ಹವ್ಯಾಸಕ್ಕೆ ಬರುವವರಿಗೆ ನಾನು ಮೊದಲು ಹೇಳುವ ಮಾತು.

ಹಾಗಾದರೆ ಸಾಕ್ಷಿ ಯಾವುದು? ಬಾಕ್ಸ್‌ಕಾರಿನ ಮೈಮೇಲೇ ಬರೆದಿರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಗೊತ್ತಾದ ಮೇಲೆ ಹಳೆ ಚಿತ್ರ ನೋಡುವ ಕಣ್ಣೇ ಬೇರೆ ಆಗುತ್ತದೆ. ಬಾಗಿಲಿನ ಎಡಕ್ಕೆ ಕಂಪನಿಯ ಗುರುತಿನ ಅಕ್ಷರ, ನಂಬರ್. ಅದರ ಕೆಳಗೆ ಮೂರು ಸಾಲು. ಮೊದಲು ಸಾಮರ್ಥ್ಯ, ಆಮೇಲೆ ಹೊರೆಯ ಮಿತಿ, ಆಮೇಲೆ ಖಾಲಿ ತೂಕ. 50 ಟನ್ನಿನ ಬಾಕ್ಸ್‌ಕಾರ್ ಅಂತ ಇಟ್ಟುಕೊಳ್ಳಿ, ಸಾಮರ್ಥ್ಯ 1,00,000 ಪೌಂಡ್ ಅಂತ ಇರುತ್ತದೆ. ಹೊರೆಯ ಮಿತಿ 1,23,400, ಖಾಲಿ ತೂಕ 45,600. ಎರಡನ್ನೂ ಕೂಡಿಸಿ. 1,69,000. ಆ ಕಾಲದ ಯಾವ 50 ಟನ್ನಿನ ಬಾಕ್ಸ್‌ಕಾರ್ ತೆಗೆದುಕೊಂಡರೂ ಮೊತ್ತ ಅಷ್ಟೇ ಬರಬೇಕು, ಏಕೆಂದರೆ ಅದರ ಚಕ್ರದ ಅಚ್ಚುಗಳು (ಆಕ್ಸಲ್) ಹೊರಬಹುದಾದ ಒಟ್ಟು ಭಾರ ಅದು. 40 ಟನ್ನಿನದ್ದಾದರೆ 1,36,000. 1960ರ ದಶಕದಲ್ಲಿ 50 ಟನ್ನಿನ ಮೊತ್ತವನ್ನು 1,77,000ಕ್ಕೆ ಏರಿಸಿದರು. ಹೊರೆಯ ಮಿತಿಯ ಪಕ್ಕ ಒಂದು ನಕ್ಷತ್ರ ಇದ್ದರೆ ಮಾತ್ರ ಬೇರೆ ಲೆಕ್ಕ, ಬೇರೆ ಕಾರಣಕ್ಕೆ ಮಿತಿ ಇಳಿಸಿದ್ದಾರೆ ಅಂತ ಅರ್ಥ. ಮಾದರಿ ವ್ಯಾಗನ್‌ಗೆ ಅಂಟಿಸುವ ಅಕ್ಷರದ ಹಾಳೆ ಕೊಂಡಾಗ ನಾನು ಮೊದಲು ಈ ಎರಡು ಸಂಖ್ಯೆ ಕೂಡಿಸಿ ನೋಡುತ್ತೇನೆ. ಮೊತ್ತ 1,77,000 ಬಂದರೆ ಅದು 1953ರ ರೈಲಿಗೆ ಆಗುವುದಿಲ್ಲ. ಮೊತ್ತ ಯಾವುದಕ್ಕೂ ಹೊಂದದಿದ್ದರೆ ಹಾಳೆ ಮಾಡಿದವರು ನಿಜವಾದ ವ್ಯಾಗನ್ ನೋಡಿಯೇ ಇಲ್ಲ ಅಂತ ಗೊತ್ತಾಗುತ್ತದೆ.

ಖಾಲಿ ತೂಕದ ಪಕ್ಕ ಇನ್ನೂ ಒಂದು ಮುಖ್ಯ ಸಂಗತಿ ಇರುತ್ತದೆ. ಹೊಸದಾದರೆ ಹೊಸದು ಅಂತ, ತಿಂಗಳು ವರ್ಷ. ಆಮೇಲೆ ಆಗಾಗ ವ್ಯಾಗನನ್ನು ಮತ್ತೆ ತೂಗಬೇಕಿತ್ತು, ಮರ ಒಣಗುತ್ತದೆ, ರಿಪೇರಿಯಲ್ಲಿ ಭಾಗ ಬದಲಾಗುತ್ತದೆ, ತೂಕ ಒಂದೇ ಥರ ಇರುವುದಿಲ್ಲ. ತೂಗಿದ ಕಡೆಯವರು ಹಳೆ ಸಂಖ್ಯೆಯ ಮೇಲೆ ಹೊಸ ಬಣ್ಣದ ಪಟ್ಟಿ ಬಳಿದು ಹೊಸ ತೂಕ, ತಮ್ಮ ಜಾಗದ ಗುರುತು, ತಿಂಗಳು ವರ್ಷ ಬರೆಯುತ್ತಿದ್ದರು. ಮಾಸಿದ ಗೋಡೆಯ ಮೇಲೆ ಆ ತಾಜಾ ಪಟ್ಟಿ ಎದ್ದು ಕಾಣುತ್ತದೆ. ದಿನಾಂಕ ಇಲ್ಲದ ಹಳೆ ಚಿತ್ರ ಸಿಕ್ಕಿದರೆ ಹುಡುಕಬೇಕಾದದ್ದು ಇದನ್ನೇ. ಅಲ್ಲಿ 1951 ಅಂತ ಇದ್ದರೆ ಚಿತ್ರ ಅದಕ್ಕಿಂತ ಮುಂಚಿನದ್ದಲ್ಲ. ಚಕ್ರದ ಅಚ್ಚಿನ ತುದಿಯ ಪೆಟ್ಟಿಗೆಗೆ ಎಣ್ಣೆಯಲ್ಲಿ ನೆನೆಸಿದ ಚಿಂದಿ ತುಂಬಿದ ದಿನಾಂಕ, ಬ್ರೇಕ್ ಪರೀಕ್ಷೆ ಮಾಡಿದ ದಿನಾಂಕ, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು. ಒಂದು ಒಳ್ಳೆ ನೆಗೆಟಿವ್ ಸಿಕ್ಕಿದರೆ ಆ ವ್ಯಾಗನ್ನಿನ ಎರಡು ಮೂರು ವರ್ಷದ ಜಾತಕ ಸಿಕ್ಕಿದ ಹಾಗೆ. ಬಾಗಿಲಿನ ಬಲಕ್ಕೆ, ಅಳತೆಗಳ ಜೊತೆ, ಕಟ್ಟಿದ ತಿಂಗಳು ವರ್ಷ. 1953ರ ರೈಲಿನಲ್ಲಿ 1956ರಲ್ಲಿ ಕಟ್ಟಿದ ಬಾಕ್ಸ್‌ಕಾರ್ ಓಡಿಸುವವರು ಎಷ್ಟು ಜನ ಅಂತ ಲೆಕ್ಕ ಹಾಕಿದರೆ ಸಂಕಟ ಆಗುತ್ತದೆ. ಅದೇನೂ ಗುಟ್ಟಲ್ಲ, ಪಕ್ಕದಲ್ಲೇ ಬರೆದಿದೆ, ಓದುವುದಿಲ್ಲ ಅಷ್ಟೇ.

ಅಡಿಭಾಗದ ಕಥೆಯೂ ಹೀಗೇ. ಗಾಳಿಯ ಬ್ರೇಕಿನ ಹಳೆ ಮಾದರಿಯಾದ ಕೆ ಬ್ರೇಕಿನಲ್ಲಿ ಸಿಲಿಂಡರ್, ಗಾಳಿಯ ಟ್ಯಾಂಕ್, ವಾಲ್ವ್ ಮೂರೂ ಸಾಮಾನ್ಯವಾಗಿ ಒಂದಕ್ಕೊಂದು ಅಂಟಿಕೊಂಡು ಒಂದೇ ಮುದ್ದೆಯಂತೆ ಇರುತ್ತವೆ. ಆಮೇಲೆ ಬಂದ ಎಬಿ ಬ್ರೇಕಿನಲ್ಲಿ ಮೂರೂ ಬೇರೆ ಬೇರೆ ಕಡೆ ನೇತಾಡುತ್ತವೆ. 1933ರಿಂದ ಹೊಸ ವ್ಯಾಗನ್‌ಗಳಿಗೆ ಎಬಿ ಬ್ರೇಕ್ ಕಡ್ಡಾಯವಾಯಿತು, ಹಳೆಯವುಗಳಿಗೆ ಗಡುವು ಮುಂದೂಡುತ್ತಾ ಮುಂದೂಡುತ್ತಾ 1953ರ ಹೊತ್ತಿಗೆ ಕೆ ಬ್ರೇಕಿನ ವ್ಯಾಗನ್ ಬೇರೆ ಕಂಪನಿಯ ಹಳಿಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ 1948ರ ರೈಲು ಮಾಡುವವರು ಹಳೆ ಮರದ ಬಾಕ್ಸ್‌ಕಾರಿಗೆ ಕೆ ಬ್ರೇಕ್ ಹಾಕಬಹುದು, ನಿಮ್ಮ ಲೇಖನದವರು ಹಾಕಬಾರದು. ಉಕ್ಕಿನ ಪಟ್ಟಿಗಳನ್ನು ಬಾಗಿಸಿ ಬೋಲ್ಟ್ ಹಾಕಿ ಕಟ್ಟಿದ ಆರ್ಚ್‌ಬಾರ್ ಟ್ರಕ್‌ಗಳಿಗೆ (ಟ್ರಕ್ ಅಂದರೆ ವ್ಯಾಗನ್ ಕೆಳಗೆ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು) 1940ರ ಆಸುಪಾಸಿನಲ್ಲೇ ಇಂಥ ತಡೆ ಬಿದ್ದಿತ್ತು, ಬೋಲ್ಟ್ ಸಡಿಲವಾಗಿ ಅಪಘಾತಗಳಾಗುತ್ತಿದ್ದವು. ಮೇಜಿನ ಮೇಲೆ ಓಡುವ ರೈಲಿನ ಅಡಿಭಾಗ ಯಾರು ನೋಡುತ್ತಾರೆ ಅಂತ ಕೇಳಬಹುದು. ಬ್ರೇಕ್ ಬಗ್ಗೆ ಆ ಮಾತು ಒಪ್ಪಿಕೊಳ್ಳೋಣ. ಆದರೆ ಟ್ರಕ್ ಪಕ್ಕದಿಂದಲೇ ಕಾಣುತ್ತದೆ. ಅಚ್ಚಿನ ತುದಿಯಲ್ಲಿ ತಿರುಗುವ ಮುಚ್ಚಳ ಇರುವ ರೋಲರ್ ಬೇರಿಂಗ್ ಟ್ರಕ್ ಗೂಡ್ಸ್ ವ್ಯಾಗನ್‌ಗಳಲ್ಲಿ ಮಾಮೂಲಿ ಆಗಿದ್ದು 1960ರ ದಶಕದಲ್ಲಿ. ಅದಕ್ಕೂ ಮುಂಚೆ ಮುಚ್ಚಳವಿರುವ ಎಣ್ಣೆ ಪೆಟ್ಟಿಗೆ.

ಇಷ್ಟು ತಿಳಿಯಲು ಎಲ್ಲಿ ಹುಡುಕಬೇಕು ಅಂತ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ, ಅದನ್ನು ಸೇರಿಸಿದ್ದರೆ ಹೊಸಬರಿಗೆ ಉಪಕಾರ ಆಗುತ್ತಿತ್ತು. ಅಫಿಶಿಯಲ್ ರೈಲ್ವೇ ಇಕ್ವಿಪ್‌ಮೆಂಟ್ ರಿಜಿಸ್ಟರ್ ಅಂತ ಒಂದು ದಪ್ಪ ಪುಸ್ತಕ, ಆ ಕಾಲದಲ್ಲಿ ವರ್ಷಕ್ಕೆ ನಾಲ್ಕು ಸಲ ಬರುತ್ತಿತ್ತು. ಯಾವ ಕಂಪನಿ, ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಒಳ ಉದ್ದ, ಅಗಲ, ಎತ್ತರ, ಬಾಗಿಲಿನ ಅಗಲ, ಸಾಮರ್ಥ್ಯ, ಆ ಸರಣಿಯಲ್ಲಿ ಇನ್ನೂ ಉಳಿದಿರುವುದು ಎಷ್ಟು, ಎಲ್ಲ ಅದರಲ್ಲಿದೆ. ರೈಲ್ವೆ ಗುಮಾಸ್ತರು ಲೆಕ್ಕಕ್ಕೆ ಅಂತ ಮಾಡಿಕೊಂಡ ಪುಸ್ತಕ, ನಮಗೆ ಚಿನ್ನದ ಗಣಿ. ನಿಮ್ಮ ನಂಬರ್ ಅದರಲ್ಲಿ ಇಲ್ಲದಿದ್ದರೆ ಆ ವ್ಯಾಗನ್ ಆ ವರ್ಷ ಇರಲಿಲ್ಲ. ಬೇರೆ ಬೇರೆ ವರ್ಷದ ಸಂಚಿಕೆ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸರಣಿ ಹೇಗೆ ಕರಗುತ್ತಾ ಹೋಯಿತು ಅಂತ ಕಾಣುತ್ತದೆ. ಆದರೆ ಬಣ್ಣ ಯಾವುದು, ಬಾಗಿಲು ಏಣುಗಳದ್ದಾ ಚೌಕದ್ದಾ, ತುದಿಯ ಗೋಡೆಯಲ್ಲಿ ಉಬ್ಬುಗಳು ಎಷ್ಟು ಅಂತ ಅದು ಹೇಳುವುದಿಲ್ಲ. ಅದಕ್ಕೆ ಕಾರ್ ಬಿಲ್ಡರ್ಸ್ ಸೈಕ್ಲೋಪೀಡಿಯಾ ಇದೆ. 1879ರಲ್ಲಿ ನಿಘಂಟಾಗಿ ಶುರುವಾಗಿ ಆಮೇಲೆ ಊದುತ್ತಾ ಹೋದ ಗ್ರಂಥ. ಕಾರ್ಖಾನೆಗಳ ನಕ್ಷೆ, ಹೊಸ ವ್ಯಾಗನ್‌ಗಳ ಚಿತ್ರ, ಬಿಡಿಭಾಗಗಳ ಜಾಹೀರಾತು. ಜಾಹೀರಾತುಗಳೇ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತವೆ, ಒಂದು ಬಾಗಿಲಿನ ಚಿತ್ರ ಅಷ್ಟು ಹತ್ತಿರದಿಂದ ಇನ್ನೆಲ್ಲೂ ಸಿಗುವುದಿಲ್ಲ.

ಕಾರ್ಖಾನೆಯವರು ತೆಗೆಸಿದ ಚಿತ್ರಗಳಲ್ಲಿ ಎಲ್ಲವೂ ಸ್ಪಷ್ಟ. ಅದೇ ಅದರ ದೋಷ. ವ್ಯಾಗನ್ ಹುಟ್ಟಿದ ದಿನದ ಚಿತ್ರ ಅದು. ಆರು ವರ್ಷ ಮಳೆ, ಹೊಗೆ, ಫೋರ್ಕ್‌ಲಿಫ್ಟ್ ಗುದ್ದು ತಿಂದ ಮೇಲೆ ಹೇಗಿತ್ತು ಅಂತ ಅದರಿಂದ ಗೊತ್ತಾಗುವುದಿಲ್ಲ. ಎಕ್ಸ್-29ರ ಉಕ್ಕಿನ ಗೋಡೆಯ ಕೆಳ ಅಂಚು ತುಕ್ಕು ಹಿಡಿದು, ಉದ್ದಕ್ಕೂ ಹೊಸ ತಗಡಿನ ತೇಪೆ ಹಾಕಿಸಿಕೊಂಡು ಓಡಾಡಿದ್ದು ಬಹಳ. ಯುದ್ಧಕಾಲದಲ್ಲಿ ಉಕ್ಕು ಉಳಿಸಲು ಮರದ ಹಲಗೆ ಬಡಿದು ಕಟ್ಟಿದ ಬಾಕ್ಸ್‌ಕಾರ್‌ಗಳಿಗೆ ಆಮೇಲೆ ಉಕ್ಕಿನ ಗೋಡೆ ಹಾಕಿದರು. ನಂಬರ್ ಅದೇ, ರೂಪ ಬೇರೆ. ಕಾರ್ಖಾನೆಯ ಚಿತ್ರ ನೋಡಿ ಮಾದರಿ ಮಾಡಿದರೆ ಇದೆಲ್ಲ ತಪ್ಪಿಹೋಗುತ್ತದೆ. ನಕ್ಷೆಗೂ ಇದೇ ಮಾತು. ನಕ್ಷೆ ಹೇಳುವುದು ಏನು ಮಾಡಬೇಕು ಅಂದುಕೊಂಡಿದ್ದರು ಅನ್ನುವುದನ್ನು. ಮ್ಯೂಸಿಯಂನಲ್ಲಿ ನಿಂತಿರುವ ವ್ಯಾಗನ್ ಅಳೆದು ಬಂದೆ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಅಳತೆಗೆ ಅದು ಒಳ್ಳೆಯದೇ, ಮುಟ್ಟಿ ನೋಡಬಹುದು. ಆದರೆ ಅವು ಹೆಚ್ಚಾಗಿ ಹಳಿ ರಿಪೇರಿ ಕೆಲಸಕ್ಕೆ ಬಳಸಿ ಬಳಸಿ ಕೊನೆಗೆ ಉಳಿದುಕೊಂಡವು. ಟ್ರಕ್ ಬೇರೆಯದ್ದು, ಕಿಟಕಿ ಕೊರೆದು ಮುಚ್ಚಿರುತ್ತಾರೆ, ಬಣ್ಣ ಹೊಸದು.

ಅದಕ್ಕೇ ನಾನು ದಿನಾಂಕ ಮತ್ತು ಜಾಗ ಗೊತ್ತಿರುವ ಮಾಮೂಲಿ ಚಿತ್ರವನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅದೇ ನಂಬರಿನದ್ದಾದರೆ ಅದಕ್ಕಿಂತ ಭಾಗ್ಯ ಇಲ್ಲ, ಅದೇ ಸರಣಿಯದ್ದಾದರೂ ಸಾಕು. 1942ರ ಕೊನೆಯಿಂದ 1943ರ ಆರಂಭದವರೆಗೆ ಜ್ಯಾಕ್ ಡೆಲಾನೋ ಅನ್ನುವ ಛಾಯಾಗ್ರಾಹಕ ಸರ್ಕಾರದ ಕೆಲಸದ ಮೇಲೆ ಶಿಕಾಗೋದ ರೈಲು ಅಂಗಳಗಳಲ್ಲಿ ತೆಗೆದ ಬಣ್ಣದ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇವೆ, ದೊಡ್ಡ ಗಾತ್ರದಲ್ಲಿ, ಪುಕ್ಕಟೆಯಾಗಿ. ಒಂದೊಂದನ್ನು ಹಿಗ್ಗಿಸಿ ನೋಡುತ್ತಾ ಕೂತರೆ ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ಪೆನ್ಸಿಲ್ವೇನಿಯಾ ಕಂಪನಿಯ ಕಾಗದಪತ್ರ ಡೆಲವೇರ್‌ನ ಹ್ಯಾಗ್ಲಿ ಲೈಬ್ರರಿಯಲ್ಲಿದೆ. ಶಿಕಾಗೋದ ನ್ಯೂಬೆರಿ ಲೈಬ್ರರಿ, ಸೇಂಟ್ ಲೂಯಿಸ್‌ನ ಬ್ಯಾರಿಗರ್ ರೈಲ್ವೆ ಲೈಬ್ರರಿ, ಸ್ಯಾಕ್ರಮೆಂಟೋದ ರೈಲು ಮ್ಯೂಸಿಯಂ, ಇವೂ ದೊಡ್ಡ ಖಜಾನೆಗಳು. ಜೊತೆಗೆ ಒಂದೊಂದು ಹಳೆ ಕಂಪನಿಗೂ ಅಭಿಮಾನಿಗಳ ಇತಿಹಾಸ ಸಂಘ ಇದೆ, ಸರಿಯಾದ ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಾರೆ. ಯಾವುದಾದರೂ ಬಾಕ್ಸ್‌ಕಾರ್ ಬಗ್ಗೆ ಹೇಳಿ ಅಂದರೆ ಯಾರೂ ಏನೂ ಹೇಳಲಾರರು. ಈ ಸರಣಿ, ಈ ವರ್ಷ, ಇದರ ಬಾಗಿಲು ಅಂದರೆ ಹೇಳುತ್ತಾರೆ.

ನಕ್ಷೆ ಸಿಗದಿದ್ದರೆ ಚಿತ್ರದಿಂದಲೇ ಅಳೆಯಬಹುದು. ಅಮೆರಿಕದ ಆ ಕಾಲದ ಗೂಡ್ಸ್ ವ್ಯಾಗನ್ ಚಕ್ರದ ಅಡ್ಡಳತೆ ಸಾಮಾನ್ಯವಾಗಿ 33 ಇಂಚು. ಪಕ್ಕದಿಂದ ನೇರವಾಗಿ ತೆಗೆದ ಚಿತ್ರವಾದರೆ ಚಕ್ರವನ್ನೇ ಅಳತೆಗೋಲು ಮಾಡಿಕೊಂಡು ಎತ್ತರ, ಏಣಿ ಮೆಟ್ಟಿಲುಗಳ ಅಂತರ ಎಲ್ಲ ಲೆಕ್ಕ ಹಾಕಬಹುದು. ಓರೆಯಾಗಿ ತೆಗೆದದ್ದಾದರೆ ದೂರದ ಕಡೆ ಕುಗ್ಗುತ್ತದೆ, ಹುಷಾರಾಗಿರಬೇಕು.

ಬಣ್ಣದ ಜಗಳಕ್ಕೆ ಕೊನೆಯೇ ಇಲ್ಲ, ಆದ್ದರಿಂದ ಎರಡೇ ಮಾತು. ಬಾಕ್ಸ್‌ಕಾರ್ ಕೆಂಪು ಅಂತ ಬಾಟಲಿಯ ಮೇಲೆ ಬರೆದಿರುವ ಒಂದೇ ಬಣ್ಣವನ್ನು ಎಲ್ಲ ಕಂಪನಿಗೂ ಬಳಿಯುವುದು ತಪ್ಪು. ಡೆಲಾನೋ ಚಿತ್ರ ನೋಡಿದರೆ ಒಂದೇ ಅಂಗಳದಲ್ಲಿ ಇಟ್ಟಿಗೆ ಕೆಂಪಿನಿಂದ ಕಪ್ಪುಗಂದಿನವರೆಗೆ ಎಷ್ಟು ಛಾಯೆ! ಮತ್ತು ತೀರಾ ಹಳೆಯ ಕಪ್ಪುಬಿಳುಪು ಚಿತ್ರ ನೋಡಿ ಬಣ್ಣ ಊಹಿಸಲು ಹೋಗಬೇಡಿ. ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕೆಂಪು ಗೋಡೆ ಕಪ್ಪಾಗಿ ಬರುತ್ತಿತ್ತು.

ಲೇಖನದ ರೈಲು ಮಾಡಿದವರ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಆ ಹಳಿ, ಆ ಬಂಡೆ, ಎಂಜಿನ್ನಿನ ಮಸಿ, ನನ್ನಿಂದ ಆಗದ ಕೆಲಸ. ಫಲಕ ಒಂದನ್ನು ಕೆರೆದು ತೆಗೆದು, ಬಿಯರ್ ವ್ಯಾಗನ್‌ಗಳನ್ನು 1930ರ ದಶಕದ ಆರಂಭದ ರೈಲಿಗೆ ಎತ್ತಿಟ್ಟು, ಬೋಳು ಮಾಡಿನದ್ದನ್ನು ಮಾರಿ, ಪೂರ್ವದ ಕಂಪನಿಗಳ ಗಿಡ್ಡ ಬಾಕ್ಸ್‌ಕಾರ್ ಕೆಲವನ್ನು ಸೇರಿಸಿಕೊಂಡರೆ ಅವರ ಎಂಜಿನ್‌ಗೆ ತಕ್ಕ ರೈಲು ಆಗುತ್ತದೆ. ನೀವು ಈ ವಿಷಯದ ಬಗ್ಗೆ ಇನ್ನೊಮ್ಮೆ ಬರೆಸುವುದಾದರೆ ದಯವಿಟ್ಟು ಮಾಡಿದವರಿಗೆ ಎರಡು ಪ್ರಶ್ನೆ ಕೇಳಿಸಿ. ಯಾವ ವರ್ಷ, ಯಾವ ತಿಂಗಳು? ಈ ವ್ಯಾಗನ್ನಿಗೆ ಯಾವ ಚಿತ್ರ ಆಧಾರ?

ಕೊನೆಗೆ ನಿಮ್ಮ ಓದುಗರಲ್ಲೂ ಒಂದು ವಿನಂತಿ. ಹಿಂದೆ ಅಮೆರಿಕದಲ್ಲಿ ಓದಿದವರ, ಕೆಲಸ ಮಾಡಿದವರ ಮನೆಯಲ್ಲಿ ಹಳೆ ಫೋಟೋ, ಸ್ಲೈಡ್ ಇರುತ್ತವೆ. ಕಾರಿನ ಪಕ್ಕ ನಿಂತಿರುತ್ತಾರೆ, ಹಿಂದೆ ರೈಲ್ವೆ ಗೇಟ್, ಒಂದು ಗೂಡ್ಸ್ ಹೋಗುತ್ತಿರುತ್ತದೆ. ಸ್ಕ್ಯಾನ್ ಮಾಡಿಸುವಾಗ ಮನುಷ್ಯರ ಮುಖ ದೊಡ್ಡದಾಗಿ ಬರಲಿ ಅಂತ ಆ ಗೂಡ್ಸನ್ನು ಕತ್ತರಿಸಿ ಬಿಸಾಡಬೇಡಿ. ಚಿತ್ರ ಪೂರ್ತಿ ಇರಲಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ, ಅಲ್ಲಿ ಪೆನ್ಸಿಲ್ಲಿನಲ್ಲಿ ಊರು, ತಿಂಗಳು ಬರೆದಿರಬಹುದು, ಸ್ಲೈಡ್ ಆದರೆ ಚೌಕಟ್ಟಿನ ಮೇಲೆ ತೊಳೆಸಿದ ತಿಂಗಳು ಅಚ್ಚಾಗಿರಬಹುದು. ಬಣ್ಣ ತಿದ್ದಿದ ಪ್ರತಿ ಮಾಡಿಸಿದರೂ ತಿದ್ದದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ಆ ಕಂಪನಿಯ ಇತಿಹಾಸ ಸಂಘಕ್ಕೆ ಕಳಿಸಿದರೆ ಅವರು ಬೇಡ ಅನ್ನುವುದಿಲ್ಲ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ